ಒಂದೇ ದಿನದ ಎರಡು ಕಾಗದ

ಕ್ರ್ಯಾನ್‌ಬರಿ, ನ್ಯೂಜೆರ್ಸಿ
ಸೆಪ್ಟೆಂಬರ್ 8, 2024

ಪೂಜ್ಯ ಜಡ್ಜ್ ಅಂಕಲ್ ಅವರಿಗೆ ಆರಿಫಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದು ತಿಂಗಳಾಯಿತು, ಬೈಯಬೇಡಿ. ನೀವು ಬೆಲ್‌ರೋಸ್‌ನಲ್ಲಿ ಮಗಳು ಹಂಸಿನಿ ಅಕ್ಕನ ಮನೆಯಲ್ಲಿ, ನಾನು ಇಲ್ಲಿ. ಡ್ರೈವ್ ಮಾಡಿದರೆ ಎರಡು ಗಂಟೆಯ ದಾರಿ. ಆದರೂ ಮೂವತ್ತೊಂದು ವರ್ಷದಿಂದ ಅಂಚೆಯಲ್ಲೇ ಮಾತಾಡುತ್ತಿದ್ದೇವೆ ಅಂದರೆ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ. ನಮ್ಮ ಜಡ್ಜ್ ಅಂಕಲ್‌ಗೆ ಕಿವಿ ಕೇಳಿಸುವುದಿಲ್ಲ, ಫೋನ್ ಕಂಡರೆ ಆಗುವುದಿಲ್ಲ ಎಂದು ಹೇಳಿ ಮುಗಿಸುತ್ತೇನೆ.

ನಿಮಗೆ ಇಷ್ಟವಾಗುವ ಸುದ್ದಿಯೊಂದಿದೆ. ವಾರವೆಲ್ಲ ಔಷಧ ಕಂಪನಿಯ ದಾಖಲೆ ತಿದ್ದುವ ನಾನು ಶನಿವಾರ ಇಲ್ಲಿನ ಒಂದು ಪುಟ್ಟ ಇತಿಹಾಸ ಸಂಘಕ್ಕೆ ಹೋಗುತ್ತಿದ್ದೇನೆ, ಸಂಬಳವಿಲ್ಲದ ಕೆಲಸಕ್ಕೆ. ಐಸಾಕ್ ಟೆರ್‌ವೀಲ್ ಎಂಬ ಜಡ್ಜಿನ ಕಾಗದಗಳು ಒಂದು ಪೆಟ್ಟಿಗೆ ತುಂಬ ಬಂದಿವೆ. ಅಮೆರಿಕ ಸ್ವತಂತ್ರವಾದ ಹೊಸತರಲ್ಲಿ ಈ ಕಡೆ ನ್ಯಾಯ ಹೇಳುತ್ತಿದ್ದವನು. ಮಗಳು ಮಾರ್ಗರೆಟ್‌ಗೆ ಬರೆದದ್ದು ಒಂದು ಕಟ್ಟು, ವಕೀಲರಿಗೆ ಬರೆದದ್ದು ಇನ್ನೊಂದು. ನನ್ನ ಕೆಲಸ ಒಂದೇ ತಾರೀಖಿನ ಕಾಗದಗಳನ್ನು ಎರಡೂ ಕಟ್ಟಿನಿಂದ ತೆಗೆದು ಅಕ್ಕಪಕ್ಕ ಇಟ್ಟು ಓದುವುದು, ಆಮೇಲೆ ಟೈಪ್ ಮಾಡುವುದು. ಮಗಳಿಗೆ ಬೆಣ್ಣೆಯಂಥ ಮಾತು, ವಕೀಲನಿಗೆ ಅದೇ ದಿನ ಒಣ ಕಟ್ಟಿಗೆ.

1797ರ ಒಂದು ಕಾಗದದ ಮಡಿಕೆಯಲ್ಲಿ ಗರಿಯ ಪೆನ್ನೊಂದು ಸಿಕ್ಕಿತು. ತುದಿ ಮುರಿದಿದೆ. ನೀವು ಗಲ್ಲುಶಿಕ್ಷೆ ಬರೆದು ನಿಬ್ಬು ಮುರಿದದ್ದನ್ನು ಅಬ್ಬಾ ಹೇಳುತ್ತಿದ್ದರು. ಇವನೂ ಯಾರಿಗಾದರೂ ಗಲ್ಲು ಬರೆದನೆ?

ಇನ್ನೊಂದು ಮಾತು. ಅಮ್ಮಿಯ ಕಿಡ್ನಿ ಪೂರ್ತಿ ಕೈಕೊಟ್ಟಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಡಯಾಲಿಸಿಸ್ ಕುರ್ಚಿಯಲ್ಲಿ ಮಲಗಿದಾಗಲೂ ಅಬ್ಬಾರ ಮಾತೇ. ಜೈಲಿನಿಂದ ಬಂದ ಕಾಗದವನ್ನು ಬೆಂಚ್ ಕ್ಲಾರ್ಕ್ ಖುರ್ಷೀದ್ ಕಳೆದುಹಾಕಿದ, ಅಲ್ಲ, ಲಂಚ ತಿಂದು ನುಂಗಿದ ಎಂದು ಊರೆಲ್ಲ ಆಡಿತಲ್ಲ, ಕಡ್ಡಾಯ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದರಲ್ಲ, ಅದು ನಿಜವೇ ಎಂದು ಕೇಳುತ್ತಾರೆ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಬೇಟಿ. ಆದ್ರೂ ಆ ಕೋರ್ಟ್‌ನಲ್ಲಿ ದೊಡ್ಡ ಕುರ್ಚೀಲಿ ಕೂತಿದ್ದವರು ಒಂದು ಮಾತು ಹೇಳಿದ್ರೆ ನಾನು ಆರಾಮಾಗಿ ಹೋಗ್ತೀನಿ’ ಅಂದರು. ಖುರ್ಷೀದ್ ಕಾಗದ ಕಳೆಯಲಿಲ್ಲ ಎಂದು ಒಂದೇ ಸಾಲು ಬರೆದು ಕಳಿಸುತ್ತೀರಾ? ಅಮ್ಮಿಗೆ ಓದಿ ಹೇಳುತ್ತೇನೆ.

ಇಂತಿ,
ಆರಿಫಾ


ಬೆಲ್‌ರೋಸ್, ಕ್ವೀನ್ಸ್
ಸೆಪ್ಟೆಂಬರ್ 19, 2024

ಚಿ. ಸೌ. ಆರಿಫಾಳಿಗೆ ಕೃಷ್ಣಸ್ವಾಮಿಯ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಎರಡೇ ತಪ್ಪು. ಹನ್ನೊಂದು ವರ್ಷದವಳಾಗಿದ್ದಾಗ ಪುಟಕ್ಕೆ ಇಪ್ಪತ್ತು ಮಾಡುತ್ತಿದ್ದೆ, ಸುಧಾರಿಸಿದ್ದೀಯ.

ಗರಿ ಮುರಿದಿದ್ದರೆ ಗಲ್ಲು, ಅದರಲ್ಲಿ ಅನುಮಾನವೇ ಬೇಡ. ಒಂದು ಜೀವ ತೆಗೆದ ನಿಬ್ಬು ಮತ್ತೆ ಯಾವ ಅಕ್ಷರವನ್ನೂ ಬರೆಯಬಾರದು. ಇಂಗ್ಲಿಷರು ಬಿಟ್ಟುಹೋದ ಪದ್ಧತಿ. ಅಂದಮೇಲೆ ಈ ಟೆರ್‌ವೀಲನೂ ಮಾಡಿಯೇ ಇರುತ್ತಾನೆ. ನೀನು ಸತ್ತವನ ಹೆಸರು ಹುಡುಕು, ಸಿಕ್ಕೇ ಸಿಗುತ್ತದೆ. ನಾನು ಮುರಿದದ್ದು ಒಂದೇ ಸಲ, 1993ರ ಜುಲೈನಲ್ಲಿ. ಆಮೇಲೆ ಇಂಕ್ ಪೆನ್ನು ಮುಟ್ಟಲಿಲ್ಲ, ಬಾಲ್ ಪೆನ್ನಿನಲ್ಲೇ ಉಳಿದ ಸರ್ವಿಸ್ ಮುಗಿಸಿದೆ.

ನಿನ್ನ ತಾಯಿ ಶಮ್ಸುನ್ನೀಸಾ ಅವರ ಆರೋಗ್ಯದ ಸುದ್ದಿ ಓದಿ ನೋವಾಯಿತು. ನಿನ್ನ ತಂದೆ ಅಚ್ಚುಕಟ್ಟಿನ ಮನುಷ್ಯ. ಅವನು ದಾರ ಕಟ್ಟಿದ ಫೈಲನ್ನು ಬಿಚ್ಚಲು ಮನಸ್ಸು ಬರುತ್ತಿರಲಿಲ್ಲ. ಎನ್‌ಕ್ವೈರಿಯ ವಿಷಯ ಹಳೆಯದು, ಫೈಲು ನೋಡದೆ ಮಾತಾಡುವುದು ನನ್ನ ಅಭ್ಯಾಸವಲ್ಲ.

ಇಲ್ಲಿ ಎಲ್ಲ ಕ್ಷೇಮ. ಮಧ್ಯಾಹ್ನ ಹಿಲ್‌ಸೈಡ್ ಅವೆನ್ಯೂವರೆಗೆ ನಡೆದುಹೋಗಿ, ಕರಿಬೇವು ಕೊತ್ತಂಬರಿ ತಗೊಂಡು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂರುತ್ತೇನೆ. ಕಿವಿಯ ಮೆಷಿನ್ ಜೇಬಿನಲ್ಲಿರುತ್ತದೆ. ಹಾಕಿಕೊಂಡರೆ ಬರೀ ಟ್ರಕ್ಕಿನ ಗದ್ದಲ. ಮೊನ್ನೆ ಒಂದು ತಮಾಷೆ ನಡೆಯಿತು. ಪಕ್ಕದಲ್ಲಿ ಯಾರೋ ಬಂದು ಕೂತು, ‘ಗಂಟೆ ಎಷ್ಟಾಯ್ತು ಸ್ವಾಮಿ?’ ಎಂದ. ಸ್ವಚ್ಛ ಕನ್ನಡ. ನಮ್ಮೂರಿನವರು ಯಾರಪ್ಪ ಇಲ್ಲಿ ಎಂದು ತಿರುಗುವುದರೊಳಗೆ ಎದ್ದುಹೋಗಿದ್ದ. ಮನೆಗೆ ಬಂದು ಅಂಗಿ ಬಿಚ್ಚುವಾಗ ಹೊಳೆಯಿತು, ಮೆಷಿನ್ ಇನ್ನೂ ಜೇಬಿನಲ್ಲೇ ಇತ್ತು. ಡಾಕ್ಟರು ಈ ಕಿವಿ ಸತ್ತೇಹೋಗಿದೆ ಅಂದಿದ್ದರು. ಪೂರ್ತಿ ಸತ್ತಿಲ್ಲ ಅಂತಾಯಿತು!

ಟೆರ್‌ವೀಲನ ಕಾಗದಗಳ ಪ್ರತಿ ಕಳಿಸು.

ಇಂತಿ ಆಶೀರ್ವಾದಗಳು,
ಎಂ. ಕೃಷ್ಣಸ್ವಾಮಿ


ಕ್ರ್ಯಾನ್‌ಬರಿ
ಅಕ್ಟೋಬರ್ 6, 2024

ಜಡ್ಜ್ ಅಂಕಲ್,

ಇದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ, ಇದ್ದದ್ದು ಇದ್ದಹಾಗೆ ಹೇಳಿಬಿಡುತ್ತೇನೆ.

ಮಗಳ ಕಟ್ಟಿನಲ್ಲಿ ಒಂದು ಕಾಗದ ಮಾತ್ರ ಒಡೆದಿರಲಿಲ್ಲ. ಮಾರ್ಗರೆಟ್ ಊರಲ್ಲಿಲ್ಲವೆಂದು ವಾಪಸ್ ಬಂದದ್ದು. ಅರಗಿನ ಮುದ್ರೆ ಇನ್ನೂರ ಇಪ್ಪತ್ತೇಳು ವರ್ಷ ಹಾಗೇ ಉಳಿದಿತ್ತು. ನಿನ್ನೆ ಸಂಘದ ಡೇನಿಯಲ್, ಎಪ್ಪತ್ತು ದಾಟಿದ ಲೈಬ್ರರಿಯನ್, ತೆಳುವಾದ ಚಾಕುವಿನಿಂದ ಅರಗು ಬಿಡಿಸಿದರು. ಮೊದಲು ಓದಿದವಳು ನಾನೇ. ಕನ್ನಡದಲ್ಲಿ ಹೇಳುತ್ತೇನೆ, ಪೆಗ್ಗಿ ಅಂದರೆ ಮಾರ್ಗರೆಟ್‌ಳ ಮುದ್ದಿನ ಹೆಸರು:

‘ನವೆಂಬರ್ 14, 1797. ಪ್ರೀತಿಯ ಪೆಗ್ಗಿ, ಸೇಬಿನ ತೋಟದ ಗೇಟಿನ ಹತ್ತಿರ ದಿನವೂ ಮಧ್ಯಾಹ್ನ ಒಬ್ಬ ಮನುಷ್ಯ ನಿಲ್ಲುತ್ತಾನೆ. ಗಂಟೆ ಎಷ್ಟೆಂದು ಕೇಳುತ್ತಾನೆ. ನಾನು ಉತ್ತರ ಕೊಡುವುದಿಲ್ಲ.’

ನಿಮ್ಮ ಕಾಗದ ನನಗೆ ಬಂದದ್ದು ಹದಿನೈದು ದಿನದ ಹಿಂದೆ. ಅರಗು ಒಡೆದದ್ದು ನಿನ್ನೆ. ಎರಡನ್ನೂ ಅಡುಗೆಮನೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕೂತಿದ್ದೆ. ಮಗ ತಾಹಾ ಆಟ ಮುಗಿಸಿ ಬಂದವನು ‘ಮಾಮ್, ಯು ಲುಕ್ ವಿಯರ್ಡ್’ ಎಂದ.

ಅದೇ ನವೆಂಬರ್ 14ಕ್ಕೆ ವಕೀಲನಿಗೆ ಬರೆದದ್ದೂ ಇದೆ. ಒಬ್ಬ ವಿಧವೆಯ ಜಮೀನಿನ ಪತ್ರ ಕೋರ್ಟಿನಲ್ಲಿ ಕಾಣೆಯಾಗಿದೆ. ಅಂಥ ಪತ್ರ ತನ್ನ ಕೈಗೆ ಬಂದ ನೆನಪೇ ಇಲ್ಲ ಎನ್ನುತ್ತಾನೆ ಜಡ್ಜು. ಆದರೆ ಮಗಳ ಕಾಗದದ ಕೊನೆಯಲ್ಲಿ, ‘ನೀನು ಇಲ್ಲಿಗೆ ಬಂದಾಗ ನನ್ನ ಮೇಜಿನ ಎಡ ಖಾನೆಯನ್ನು ಯಾರೂ ತೆರೆಯದಂತೆ ನೋಡಿಕೊ’ ಎಂದಿದೆ.

ಗಲ್ಲಿನ ಕೇಸು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ. ಆ ಬಸ್ ಸ್ಟಾಪಿನವನು ಮತ್ತೆ ಬಂದನೆ? ನೀವು ಒಬ್ಬರೇ ಅಲ್ಲಿ ಹೋಗಿ ಕೂರಬೇಡಿ, ನನಗೆ ಹೆದರಿಕೆಯಾಗುತ್ತದೆ.

ಅಮ್ಮಿ ಆ ಸಾಲಿಗೆ ಕಾಯುತ್ತಿದ್ದಾರೆ. ಫೈಲು ಯಾಕೆ ಬೇಕು ಅಂಕಲ್? ನೀವು ಅಲ್ಲೇ ಇದ್ದಿರಲ್ಲ.

ಆರಿಫಾ


ಬೆಲ್‌ರೋಸ್
ಅಕ್ಟೋಬರ್ 21, 2024

ಚಿ. ಆರಿಫಾ,

ನನ್ನ ಮಾತನ್ನೇ ಇಂಗ್ಲಿಷ್ ಮಾಡಿ ಆ ಸತ್ತ ಜಡ್ಜಿನ ಬಾಯಲ್ಲಿ ಇಟ್ಟು ನನ್ನನ್ನು ಪರೀಕ್ಷೆ ಮಾಡುತ್ತಿದ್ದೀಯಾ ಎಂದು ಮೊದಲು ಸಿಟ್ಟು ಬಂತು. ಆಮೇಲೆ ನೀನು ಅಂಥವಳಲ್ಲ ಎನಿಸಿತು.

ಬಂದ. ಮತ್ತೆ ಬಂದ. ನವರಾತ್ರಿ ಎಂದು ಹಂಸಿನಿ ಫ್ಲಶಿಂಗ್ ಗಣೇಶನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದಳು. ಕೆಳಗಿನ ಕ್ಯಾಂಟೀನಿನಲ್ಲಿ ದೋಸೆಗೆ ಚೀಟಿ ಹಿಡಿದು ನಿಂತಿದ್ದೆ. ಜನವೋ ಜನ. ಒಂದು ಮಾತೂ ನನಗೆ ಕೇಳುತ್ತಿರಲಿಲ್ಲ, ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಆ ಮೌನದ ನಡುವೆ ಬೆನ್ನ ಹಿಂದೆ, ‘ಗಂಟೆ ಎಷ್ಟಾಯ್ತು ಸ್ವಾಮಿ?’ ತಿರುಗಿದೆ. ಮೊಮ್ಮಗ ರಿಷಿ ನನ್ನ ತೋಳು ಹಿಡಿದು, ‘ನೋ ಒನ್ಸ್ ದೇರ್, ತಾತಾ’ ಎಂದ. ಅವನ ಮಾತನ್ನು ತುಟಿ ನೋಡಿ ತಿಳಿದೆ. ಇನ್ನೊಂದನ್ನು ಕಿವಿಯಿಂದ ಕೇಳಿದೆ.

ದನಿ ಯಾರದೆಂದು ಗೊತ್ತಾಯಿತು. ಹೇಳಿಬಿಡುತ್ತೇನೆ. 1993ರಲ್ಲಿ ಅಪರಾಧಿ ಎಂದು ತೀರ್ಮಾನ ಓದಿದ ಮೇಲೆ, ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಕಾನೂನಿನ ಪ್ರಕಾರ ಆ ಮನುಷ್ಯನನ್ನು ಕೇಳಿದೆ. ಕೈ ಕಾಲು ಹಿಡಿಯುತ್ತಾರೆ, ಹೆಂಡತಿ ಮಕ್ಕಳ ಹೆಸರು ಹೇಳುತ್ತಾರೆ. ಅವನು ‘ಗಂಟೆ ಎಷ್ಟಾಯ್ತು ಸ್ವಾಮಿ?’ ಎಂದ. ಅವನ ತಾಯಿ ಒಂದು ಗಂಟೆಗೆ ಬುತ್ತಿ ತಂದು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದಳಂತೆ. ನಾನು ಉತ್ತರ ಕೊಡಲಿಲ್ಲ. ಶಿಕ್ಷೆ ಓದಿ, ಸಹಿ ಮಾಡಿ, ನಿಬ್ಬು ಮುರಿದೆ. ಹೈಕೋರ್ಟು ಶಿಕ್ಷೆಯನ್ನು ಖಾಯಂ ಮಾಡುವ ಮೊದಲೇ ಅವನು ಜೈಲಿನಲ್ಲಿ ಜ್ವರ ಬಂದು ಸತ್ತ. ಹೆಸರು ಬರೆಯಲಾರೆ, ಬರೆದರೆ ಇಲ್ಲಿಗೇ ಬಂದುಬಿಡುತ್ತಾನೆ ಅನಿಸುತ್ತದೆ. ಎಂಬತ್ತನಾಲ್ಕರ ವಯಸ್ಸಿನಲ್ಲಿ ಇಂಥ ಮಾತಾಡುವವನೆಂದು ನಗಬೇಡ.

ಟೆರ್‌ವೀಲನ ಆ ಮನುಷ್ಯ ಗಲ್ಲಿಗೆ ಹೋದವನೇ, ನನಗೆ ಖಾತ್ರಿ. ಅವನನ್ನು ಹುಡುಕು. ಆಮೇಲೆ ಟೆರ್‌ವೀಲ್ ಏನು ಮಾಡಿದ ಅನ್ನುವುದನ್ನು ಬೇಗ ತಿಳಿಸು, ನನಗೆ ಅದು ಬೇಕು.

ಜೈಲಿನ ಕಾಗದದ ವಿಷಯ. ಎನ್‌ಕ್ವೈರಿಯಲ್ಲಿ ನಾನು ಹೇಳಿದ್ದು ದಾಖಲೆಯಲ್ಲಿದೆ: ಅಂಥ ಕಾಗದ ನನ್ನ ಮುಂದೆ ಬರಲಿಲ್ಲ. ಅದಕ್ಕಿಂತ ಹೆಚ್ಚು ಹೇಳಲಾರೆ.

ಎಂ. ಕೃಷ್ಣಸ್ವಾಮಿ


ಕ್ರ್ಯಾನ್‌ಬರಿ
ನವೆಂಬರ್ 10, 2024

ಅಂಕಲ್,

ಟೆರ್‌ವೀಲ್ ಯಾರನ್ನೂ ಗಲ್ಲಿಗೆ ಹಾಕಿಲ್ಲ.

ಮುರಿದ ಗರಿಯನ್ನು ಡೇನಿಯಲ್‌ಗೆ ತೋರಿಸಿ, ಇದು ಯಾರ ಮರಣದಂಡನೆ ಎಂದು ಕೇಳಿದೆ. ಇಲ್ಲಿ ಅಂಥ ಪದ್ಧತಿಯನ್ನು ಅವರು ಕೇಳಿಯೇ ಇಲ್ಲವಂತೆ. ಬರೆದು ಬರೆದು ತುದಿ ಸವೆದರೆ ಗರಿಯನ್ನು ಕತ್ತರಿಸಿ ಮತ್ತೆ ಚೂಪು ಮಾಡುತ್ತಿದ್ದರು. ಇದನ್ನು ಅರ್ಧಕ್ಕೆ ಕತ್ತರಿಸಿ ಮರೆತಿದ್ದಾನೆ ಅಷ್ಟೆ. ಅವನು ವಿಚಾರಿಸಿದ್ದೆಲ್ಲ ಜಮೀನು, ಉಯಿಲು, ರಸ್ತೆಯ ತಂಟೆ. ನಾವಿಬ್ಬರೂ ನಮ್ಮೂರಿನ ಕೋರ್ಟನ್ನು ಹೊತ್ತು ತಂದು ಅವನ ಮನೆಯಲ್ಲಿ ಇಳಿಸಿದ್ದೆವು.

ಗೇಟಿನ ಮನುಷ್ಯನೂ ಸಿಕ್ಕಿದ. ಡಿಸೆಂಬರಿನ ಕಾಗದದಲ್ಲಿ ಜಡ್ಜು ನಗುತ್ತಾ ಬರೆದಿದ್ದಾನೆ. ಪಕ್ಕದ ತೋಟದ ಕೆಲಸದವನಂತೆ, ಕುದುರೆ ಗಾಡಿಗೆ ಕಾಯುತ್ತಾ ನಿಲ್ಲುತ್ತಿದ್ದನಂತೆ, ಹತ್ತಿರ ಗಡಿಯಾರವಿರಲಿಲ್ಲವಂತೆ. ಕೊನೆಗೆ ಜಡ್ಜು ಹೋಗಿ ಮಾತಾಡಿಸಿದ. ಆ ವಾರವೇ ಎಡ ಖಾನೆಯಿಂದ ವಿಧವೆಯ ಪತ್ರವನ್ನೂ ತೆಗೆದು, ನನ್ನದೇ ತಪ್ಪು ಎಂದು ಬರೆದು ವಕೀಲನಿಗೆ ಕಳಿಸಿದ. ಅವನ ಕಥೆಯಲ್ಲಿ ಭೂತವಿಲ್ಲ ಅಂಕಲ್. ಹಾಗಾದರೆ ನಿಮ್ಮ ಹತ್ತಿರ ಬರುತ್ತಿರುವವನು ಯಾರು?

ಅಬ್ಬಾರ ಟ್ರಂಕು ಅಮ್ಮಿಯ ಮಂಚದ ಕೆಳಗಿದೆ. ಎನ್‌ಕ್ವೈರಿಯ ಕಾಗದಗಳ ಪ್ರತಿ ಅದರಲ್ಲಿತ್ತು. ಇಷ್ಟು ವರ್ಷ ಓದಲು ಧೈರ್ಯವಿರಲಿಲ್ಲ. ನಿಮ್ಮ ಹೇಳಿಕೆಯ ತಾರೀಖು ಡಿಸೆಂಬರ್ 2, 1993. ನೀವು ನನಗೆ ಬರೆದ ಕಾಗದಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಶನಿವಾರದ ಅಭ್ಯಾಸ ಬಿಡುವುದಿಲ್ಲ ನೋಡಿ, ತಾರೀಖು ಹೊಂದಿಸಿದೆ. ‘ಮಗು ಆರಿಫಾ, ನಿನ್ನ ಕನ್ನಡ ಚೆನ್ನಾಗಿ ಬರಬೇಕು, ವಾರಕ್ಕೊಂದು ಕಾಗದ ಬರೆ, ತಿದ್ದಿ ಕಳಿಸುತ್ತೇನೆ’ ಎಂದು ನೀವು ಬರೆದ ಮೊಟ್ಟಮೊದಲ ಕಾಗದ. ಅದೂ ಡಿಸೆಂಬರ್ 2, 1993.

ಬೆಳಗ್ಗೆ ತಂದೆಯ ಮೇಲೆ ಹೇಳಿಕೆ, ಸಂಜೆ ಮಗಳಿಗೆ ಕಾಗದ. ಯಾಕೆ? ಜಡ್ಜ್ ಸಾಹೇಬರೇ ನನ್ನ ಅಕ್ಷರ ತಿದ್ದುತ್ತಾರೆ ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದೆ. ಅಬ್ಬಾ ಆ ಲಕೋಟೆಗಳನ್ನು ತಂದುಕೊಡುವಾಗ ಒಂದು ದಿನವೂ ಮಾತಾಡಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಇನ್ನೂ ಕಳ್ಳ ಎನ್ನಲಿಲ್ಲ. ಆ ಸಾಲು ಕಳಿಸಿ.

ಆರಿಫಾ


ಕ್ರ್ಯಾನ್‌ಬರಿ
ನವೆಂಬರ್ 23, 2024

ಅಂಕಲ್,

ಉತ್ತರವಿಲ್ಲ. ಹಂಸಿನಿ ಅಕ್ಕನಿಗೆ ಫೋನ್ ಮಾಡಿದೆ. ‘ಅಪ್ಪ ಆರೋಗ್ಯವಾಗೇ ಇದಾರೆ, ಊಟ ಮಾತ್ರ ಸರಿಯಾಗಿ ಮಾಡ್ತಿಲ್ಲ, ಎದುರುಗಡೆ ಚೇರ್ ಖಾಲಿ ಮಾಡು ಅಂತ ಕೂಗಾಡ್ತಾರೆ’ ಎಂದಳು.

ಅಮ್ಮಿ ಡಯಾಲಿಸಿಸ್ ಸಾಕು ಎಂದುಬಿಟ್ಟರು. ಡಾಕ್ಟರು ಹತ್ತು ಹನ್ನೆರಡು ದಿನ ಎನ್ನುತ್ತಾರೆ. ಆಸ್ಪತ್ರೆಯಲ್ಲಿದ್ದೇವೆ. ನಾನು ಕೈಮುಗಿದು ಕೇಳುತ್ತಿದ್ದೇನೆ.

ಆರಿಫಾ


ಬೆಲ್‌ರೋಸ್
ನವೆಂಬರ್ 26, 2024

ಆರಿಫಾ,

ಇದನ್ನು ಶಮ್ಸುನ್ನೀಸಾ ಅವರಿಗೆ ಓದಿ ಹೇಳು.

ಖುರ್ಷೀದ್ ಕಾಗದ ಕಳೆಯಲಿಲ್ಲ. ಯಾರಿಂದಲೂ ಏನನ್ನೂ ತಿನ್ನಲಿಲ್ಲ. ತೀರ್ಪಿನ ದಿನ ಹನ್ನೆರಡೂವರೆಗೆ ಜೈಲಿನಿಂದ ಬಂದ ಲಕೋಟೆಯನ್ನು ಪೀಠಕ್ಕೆ ತಂದು ನನ್ನ ಬಲಗೈ ಪಕ್ಕದಲ್ಲಿ, ಶಾಯಿಯ ದೌತಿಯ ಹತ್ತಿರ ಇಟ್ಟ. ‘ಸರ್, ಅರ್ಜೆಂಟ್ ಅಂತೆ, ಒಂದ್ಸಲ ನೋಡ್ಬಿಡಿ’ ಎಂದು ಮೆಲ್ಲಗೆ ಹೇಳಿದ. ತೆಗೆದು ಓದಿದೆ. ಬೇರೊಬ್ಬ ಕೈದಿ ಆ ಕೊಲೆ ಮಾಡಿದ್ದು ತಾನು ಎಂದು ಬರೆದಿದ್ದ. ನೂರಾ ಹತ್ತು ಪುಟದ ತೀರ್ಪು ಟೈಪಾಗಿ ಮುಂದೆ ಕೂತಿತ್ತು. ನನ್ನ ಹೆಸರು ಬಡ್ತಿಯಲ್ಲಿ ಹೈಕೋರ್ಟಿಗೆ ಹೋಗುವ ಪಟ್ಟಿಯಲ್ಲಿತ್ತು. ಇದೆಲ್ಲ ಜೈಲಿನವರ ಆಟ ಎಂದು ನನಗೆ ನಾನೇ ಹೇಳಿಕೊಂಡು ಕರಿಕೋಟಿನ ಒಳಜೇಬಿಗೆ ಹಾಕಿದೆ. ನಾಳೆ ನೋಡೋಣ ಎಂದುಕೊಂಡೆ, ಆ ನಾಳೆ ಬರಲಿಲ್ಲ. ಖುರ್ಷೀದ್ ಬಿಟ್ಟರೆ ಯಾರೂ ನೋಡಲಿಲ್ಲ. ಕಳಿಸಿದ ಕಾಗದ ಎಲ್ಲಿ ಎಂದು ಜೈಲಿನವರು ಕೇಳಿ ಎನ್‌ಕ್ವೈರಿ ಎದ್ದಾಗಲೂ ಅವನು ಬಾಯಿ ಬಿಡಲಿಲ್ಲ. ನನ್ನ ಮೇಲಿನ ಗೌರವಕ್ಕೋ, ಹೇಳಿದರೂ ಯಾರು ನಂಬುತ್ತಾರೆ ಅಂತಲೋ, ಇವತ್ತಿಗೂ ತಿಳಿಯದು.

ಡಿಸೆಂಬರ್ 2ರ ಸಂಜೆ ಮನೆಯಲ್ಲಿ ಕೂರಲಾಗಲಿಲ್ಲ. ಏನಾದರೂ ಒಳ್ಳೆಯದು ಮಾಡಬೇಕು ಅನಿಸಿತು. ನಿನಗೆ ಬರೆದೆ. ನೀನು ಬುದ್ಧಿವಂತೆಯಾಗಿ ಉತ್ತರ ಬರೆಯುತ್ತಾ ಹೋದೆ. ನಿನ್ನನ್ನು ನಿಜವಾಗಿ ಮಗಳ ಹಾಗೆ ಪ್ರೀತಿಸಿದೆ, ಅದೊಂದು ಸುಳ್ಳಲ್ಲ.

ಅವನು ಈಗ ಮನೆಯೊಳಗೇ ಬರುತ್ತಾನೆ. ಊಟದ ಮೇಜಿನ ಎದುರು ಕೂರುತ್ತಾನೆ. ಇವತ್ತು ಧೈರ್ಯ ಮಾಡಿ, ‘ಒಂದು ಗಂಟೆ ಹತ್ತು ನಿಮಿಷ ಆಯ್ತಪ್ಪಾ’ ಎಂದೆ. ನನ್ನನ್ನು ನೋಡುತ್ತಲೇ ಇದ್ದ, ಏಳಲಿಲ್ಲ. ಅವನಿಗೆ ಬೇಕಾದದ್ದು ಗಂಟೆಯಲ್ಲ ಎಂದು ಆಗ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಜೈಲಿನ ಕಾಗದವನ್ನು ಹರಿಯಲೂ ಆಗದೆ ಸುಡಲೂ ಆಗದೆ ಪಾಸ್‌ಪೋರ್ಟಿನ ಜೊತೆ ಇಲ್ಲಿಗೂ ತಂದೆ. ಇದರೊಂದಿಗೆ ಇಟ್ಟಿದ್ದೇನೆ. ಈಗಲೇ ಎದ್ದುಹೋಗಿ ಅಂಚೆಗೆ ಹಾಕಿಬರುತ್ತೇನೆ.

ಕೃಷ್ಣಸ್ವಾಮಿ


ಕ್ರ್ಯಾನ್‌ಬರಿ
ಡಿಸೆಂಬರ್ 14, 2024

ಕೃಷ್ಣಸ್ವಾಮಿಯವರಿಗೆ,

ನಿಮ್ಮ ಕಾಗದ ಮೊನ್ನೆ ಗುರುವಾರ, ಡಿಸೆಂಬರ್ 12ಕ್ಕೆ ಕೈಸೇರಿತು. ಒಳಗೆ ನವೆಂಬರ್ 26 ಎಂದಿದೆ. ಲಕೋಟೆಯ ಮೇಲಿನ ಅಂಚೆ ಮುದ್ರೆ ಡಿಸೆಂಬರ್ 9. ಅಂಚೆಯವರನ್ನು ಬೈಯುವ ಹಾಗಿಲ್ಲ. ಹಂಸಿನಿ ಅಕ್ಕನನ್ನು ಕೇಳಿದೆ. ಚಳಿಗಾಲದ ಕೋಟನ್ನು ಡ್ರೈ ಕ್ಲೀನಿಂಗ್‌ಗೆ ಕೊಡುವಾಗ ಒಳಜೇಬಿನಲ್ಲಿ ಸಿಕ್ಕಿತಂತೆ, ವಿಳಾಸ ನೋಡಿ ಅವಳೇ ಡಬ್ಬಿಗೆ ಹಾಕಿದಳಂತೆ. ಹದಿಮೂರು ದಿನ.

ಅಮ್ಮಿ ಡಿಸೆಂಬರ್ 4ಕ್ಕೆ ಹೋದರು.

ಸಿಟ್ಟಿನಲ್ಲಿ ಏನೇನೋ ಬರೆದು ಹರಿದುಹಾಕಿದೆ. ನಡೆದದ್ದನ್ನು ಮಾತ್ರ ತಿಳಿಸುತ್ತೇನೆ, ನಿಮಗೆ ಅದು ಗೊತ್ತಿರಬೇಕು.

ಡಿಸೆಂಬರ್ 3ರ ಮಧ್ಯಾಹ್ನ ನಾನು ಕೆಳಗೆ ಕೆಫೆಟೇರಿಯಾಕ್ಕೆ ಹೋಗಿದ್ದೆ. ಹದಿನೈದು ನಿಮಿಷ ಅಷ್ಟೇ. ವಾಪಸ್ ಬಂದಾಗ ಅಮ್ಮಿ ದಿಂಬಿಗೆ ಒರಗಿ ಕೂತಿದ್ದರು. ಎರಡು ದಿನದಿಂದ ಕಣ್ಣೇ ತೆರೆಯದವರು. ಮುಖ ತೊಳೆದ ಹಾಗೆ ಹಗುರಾಗಿತ್ತು.

‘ಯಾರೋ ಬಂದಿದ್ರು ಬೇಟಿ. ಊರಿನವರು. ಕನ್ನಡದಲ್ಲೇ ಮಾತಾಡಿದ್ರು, ಪಾಪ, ತುಂಬಾ ಹಸಿದ ಹಾಗಿತ್ತು ಮುಖ’ ಎಂದರು.

‘ಯಾರು ಅಮ್ಮಿ? ಏನಂದ್ರು?’

‘ನಿಮ್ಮ ಯಜಮಾನರು ಕಾಗದ ತಂದು ದೊಡ್ಡವರ ಬಲಗೈ ಹತ್ರ ಇಟ್ರಮ್ಮಾ. ದೊಡ್ಡವರು ಓದಿ ಕೋಟಿಗೆ ಹಾಕ್ಕೊಂಡ್ರು. ನಾನು ಕಟಕಟೇಲಿ ನಿಂತಿದ್ದೆ, ನೋಡಿದೆ. ನಿಮಗೆ ಹೇಳೋರು ಯಾರೂ ಇರಲಿಲ್ಲ, ಅದಕ್ಕೆ ಬಂದೆ. ಹಾಗಂದ್ರು.’

ಆ ಹೊತ್ತಿನಲ್ಲಿ ಯಾರೂ ಆ ಕೋಣೆಗೆ ಹೋಗಿಲ್ಲ ಎಂದು ನರ್ಸ್ ಅವನಿ ಹೇಳಿದಳು. ನಾನು ಅಮ್ಮಿಗೆ ಬಂದ ಕನಸು ಎಂದುಕೊಂಡೆ. ಒಂಬತ್ತು ದಿನ ಹಾಗೇ ಅಂದುಕೊಂಡಿದ್ದೆ. ಮೊನ್ನೆ ನಿಮ್ಮ ಲಕೋಟೆ ಒಡೆದು, ಬಲಗೈ ಪಕ್ಕದಲ್ಲಿ ಎನ್ನುವಲ್ಲಿಗೆ ಬಂದಾಗ ಅಮ್ಮಿಯ ಮಾತನ್ನು ಅದರ ಪಕ್ಕದಲ್ಲಿ ಬರೆದು ಹೊಂದಿಸಿದೆ. ಖುರ್ಷೀದ್ ಬಿಟ್ಟರೆ ಯಾರೂ ನೋಡಲಿಲ್ಲ ಎಂದು ಬರೆದಿದ್ದೀರಿ. ಕಟಕಟೆಯಲ್ಲಿದ್ದ ಅವನು ನೋಡಿದ್ದ. ಗಲ್ಲುಶಿಕ್ಷೆ ಕೇಳುವ ಮೊದಲೇ, ನೀವು ಓದಿ ಜೇಬಿಗೆ ಹಾಕಿಕೊಂಡದ್ದನ್ನು ನೋಡಿಕೊಂಡೇ ನಿಂತಿದ್ದ.

ಅಮ್ಮಿ ಆಮೇಲೆ ನೀರು ಕೇಳಿ ಕುಡಿದರು. ಅಬ್ಬಾರ ಹೆಸರನ್ನು ಮದುವೆಯಾದ ಹೊಸತರಲ್ಲಿ ಕರೆಯುತ್ತಿದ್ದ ಹಾಗೆ ಕರೆದರು. ಮರುದಿನ ಬೆಳಗ್ಗೆ ಹೋದರು. ಇಷ್ಟು ಸಮಾಧಾನದ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆ ಸಮಾಧಾನವನ್ನು ನೀವು ಕೊಡಬಹುದಿತ್ತು. ಕೊಟ್ಟವನು ಅವನು.

ಜೈಲಿನ ಕಾಗದವನ್ನೂ ನಿಮ್ಮ ಕಾಗದವನ್ನೂ ಒಟ್ಟಿಗೆ ಹೈಕೋರ್ಟಿಗೆ ಕಳಿಸಿದ್ದೇನೆ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ನನಗೆ ಕನ್ನಡ ಕಲಿಸಿದವರು ನೀವು, ಅದನ್ನು ಮರೆಯಲಾರೆ, ಅದಕ್ಕೇ ಹೆಚ್ಚು ಸಂಕಟ. ಕ್ಷಮಿಸು ಎಂದು ನೀವು ಕೇಳಿಲ್ಲ. ಕೇಳಿದರೂ ಕೊಡಬೇಕಾದವರು ನನ್ನ ಅಬ್ಬಾ, ನನ್ನ ಅಮ್ಮಿ, ಮತ್ತೆ ನೀವು ಹೆಸರು ಬರೆಯಲಾರದ ಆ ಮನುಷ್ಯ. ಮೂವರಲ್ಲಿ ನಿಮ್ಮ ಎದುರು ಬಂದು ಕೂರುತ್ತಿರುವುದು ಅವನೊಬ್ಬನೇ. ಅವನನ್ನೇ ಕೇಳಿ.

ಇನ್ನು ನನ್ನಿಂದ ಕಾಗದ ಬರುವುದಿಲ್ಲ.

ಖುರ್ಷೀದ್ ಅಹ್ಮದರ ಮಗಳು,
ಆರಿಫಾ